ಬೇಲಿ ಪಕ್ಕದ ಕ್ಯಾಚ್

ಹೆಡಿಂಗ್ಲೀ, ಲೀಡ್ಸ್
೩೦ ಸೆಪ್ಟೆಂಬರ್ ೨೦೨೫

ಪ್ರೀತಿಯ ಚಂದ್ರಾ,

ನಿಹಾರಿಕಾಳ ಮದುವೆಯ ಕರೆಯೋಲೆಯ ಜೊತೆ ನೀನು ಕೈಯಾರೆ ಬರೆದು ಕಳಿಸಿದ ಎರಡು ಹಾಳೆ ನನ್ನ ಕೈ ಸೇರಿ ಐದು ತಿಂಗಳಾಯಿತು. ಫೋನಿನಲ್ಲಿ ಒಂದು ಸಾಲು ಶುಭಾಶಯ ಕಳಿಸಿ ಸುಮ್ಮನಾದೆ. ಮದುವೆಗೂ ಬರಲಿಲ್ಲ, ಉತ್ತರವನ್ನೂ ಬರೆಯಲಿಲ್ಲ. ನೀನು ಬೈದುಕೊಂಡಿದ್ದರೆ ನನಗೆ ಸಮಾಧಾನ. ಧಾರವಾಡದ ಹಾಸ್ಟೆಲಿನಲ್ಲಿ ನೀನು ಬೈದರೆ ಸಂಜೆಯೊಳಗೆ ಎಲ್ಲ ಮುಗಿಯುತ್ತಿತ್ತು. ಮಾತು ಬಿಟ್ಟರೆ ಮಾತ್ರ ಮೂರು ದಿನ ಊಟ ರುಚಿಸುತ್ತಿರಲಿಲ್ಲ. ನಿನ್ನ ಮಗಳ ತಲೆಯ ಮೇಲೆ ಅಕ್ಕಿಕಾಳು ಹಾಕಬೇಕಾದವಳು ಇಲ್ಲೇ ಕುಳಿತುಬಿಟ್ಟೆ. ಕ್ಷಮಿಸು.

ನಮ್ಮ ಸುದ್ದಿ ಹೇಳುತ್ತೇನೆ. ಫೆಬ್ರುವರಿಯಲ್ಲಿ ನಾನು ಆಸ್ಪತ್ರೆಯ ಲ್ಯಾಬ್‌ನಿಂದ ನಿವೃತ್ತಳಾದೆ. ಇಪ್ಪತ್ತೆಂಟು ವರ್ಷ ಮೈಕ್ರೋಸ್ಕೋಪಿಗೆ ಕಣ್ಣು ಹಚ್ಚಿ ಪರರ ರಕ್ತ ನೋಡಿದ್ದಾಯಿತು. ಇವರು ಇನ್ನೂ ದುಡಿಯುತ್ತಿದ್ದಾರೆ. ಈಗ ಬರ್ಮಿಂಗ್‌ಹ್ಯಾಮ್‌ನ ಆಸ್ಪತ್ರೆಯಲ್ಲಿ ಕೆಲಸ, ಎಜ್‌ಬಾಸ್ಟನ್‌ನಲ್ಲಿ ಒಂದು ಕೋಣೆ. ಡ್ಯೂಟಿ ಪಾಳಿಯ ರೋಟಾ ಬಿಟ್ಟುಕೊಟ್ಟಾಗ ಮನೆಗೆ ಬರುತ್ತಾರೆ, ಬಂದರೆ ನಿದ್ದೆ ಮಾಡುತ್ತಾರೆ. ಮಗ ಸ್ಕಂದ ಬ್ರಿಸ್ಟಲ್‌ನಲ್ಲಿ ಎಂಜಿನಿಯರ್. ಚೆನ್ನಾಗಿದ್ದಾನೆ, ಕೆಲಸ ಬಹಳ.

ಇಡೀ ದಿನ ಒಬ್ಬಳೇ ಏನು ಮಾಡುತ್ತೀ ಎಂದು ಕೇಳಿದ್ದೆಯಲ್ಲ. ನಗಬೇಡ. ಬೇಸ್‌ಬಾಲ್ ಆಟದ ಫೋಟೋ ತೆಗೆಯುತ್ತೇನೆ.

ಬೇಸ್‌ಬಾಲ್ ಅಮೆರಿಕದವರದ್ದಲ್ಲವೇ ಎಂದು ನೀನು ಕೇಳುತ್ತೀ. ಇಲ್ಲಿಯವರೂ ಹಾಗೇ ಕೇಳುತ್ತಾರೆ. ಆದರೂ ನಮ್ಮ ಊರಿಗೊಂದು ತಂಡವಿದೆ, ಹೆಸರು ಲ್ಯಾಪ್‌ವಿಂಗ್ಸ್. ಕೊಳಾಯಿ ರಿಪೇರಿ ಮಾಡುವವನು, ಶಾಲೆಯ ಮೇಷ್ಟ್ರು, ಇಬ್ಬರು ನರ್ಸ್‌ಗಳು, ಉಳಿದಂತೆ ವಿದ್ಯಾರ್ಥಿಗಳು. ಸ್ಟೇಡಿಯಂ ಗೀಡಿಯಂ ಏನೂ ಇಲ್ಲ. ಕೌನ್ಸಿಲ್‌ನ ಪಾರ್ಕಿನ ಒಂದು ಮೂಲೆ, ಅಷ್ಟೆ. ಭಾನುವಾರ ಬೆಳಿಗ್ಗೆ ಆಟಗಾರರೇ ಬಂದು ನಾಯಿಗಳ ಹೊಲಸು ತೆಗೆದು, ಸುಣ್ಣದ ಗೆರೆ ಎಳೆದು, ಆಮೇಲೆ ಆಡುತ್ತಾರೆ. ನೋಡುವವರು ಹತ್ತು ಜನವಾದರೆ ಅದೇ ಜಾತ್ರೆ.

ಸ್ಕಂದ ಹದಿನಾರನೆಯ ವಯಸ್ಸಿಗೆ ಈ ತಂಡ ಸೇರಿದ. ಬ್ಯಾಟ್ ಬೀಸುವವನ ಹಿಂದೆ, ಮುಖಕ್ಕೆ ಜಾಲರಿ ಕಟ್ಟಿಕೊಂಡು ಕುಕ್ಕರುಗಾಲಲ್ಲಿ ಕೂರುವವನನ್ನು ಕ್ಯಾಚರ್ ಎನ್ನುತ್ತಾರೆ. ಏಳು ವರ್ಷ ಅವನು ಅಲ್ಲಿ ಕುಳಿತ. ಅವನಿಗೆ ಊಟದ ಡಬ್ಬಿ ಒಯ್ಯುತ್ತಿದ್ದವಳು ನಾನು, ಸುಮ್ಮನೆ ಕೂರಲಾರದೆ ಕ್ಯಾಮೆರಾ ಹಿಡಿದೆ. ಅವನು ಬ್ರಿಸ್ಟಲ್‌ಗೆ ಹೋದ ಮೇಲೂ ನನ್ನ ಮಡಚುವ ಕುರ್ಚಿ ಅಲ್ಲಿಂದ ಏಳಲಿಲ್ಲ.

ಆಟ ಮಾತ್ರ ಅಲ್ಲ, ಸುತ್ತಲಿನದನ್ನೂ ತೆಗೆಯುತ್ತೇನೆ. ಎಡಗಡೆ ಮುಳ್ಳುಬೇಲಿ, ಅದರಾಚೆ ಬಸ್‌ಸ್ಟಾಪು. ಬಲಗಡೆ ಊರವರು ತರಕಾರಿ ಬೆಳೆಯುವ ತುಂಡು ತುಂಡು ಮಡಿಗಳು. ಹಿಂದೆ ಒಂದಕ್ಕೊಂದು ಅಂಟಿಕೊಂಡ ಕೆಂಪು ಇಟ್ಟಿಗೆಯ ಮನೆಗಳು, ಅವುಗಳ ಹಿತ್ತಿಲಲ್ಲಿ ಒಣಹಾಕಿದ ಚಾದರಗಳು. ಯಾವ ಮನೆಯ ಚಾದರ ಯಾವುದೆಂದು ಈಗ ನನಗೆ ಗೊತ್ತು. ಆ ಮನೆಯವರ ಹೆಸರು ಒಂದೂ ಗೊತ್ತಿಲ್ಲ. ಸಂಜೆ ಫೋಟೋಗಳನ್ನು ತಂಡದ ವಾಟ್ಸಾಪಿಗೆ ಹಾಕುತ್ತೇನೆ. ಹದಿನೈದು ಹೆಬ್ಬೆರಳು ಬರುತ್ತವೆ. ಆಮೇಲೆ ಮುಂದಿನ ಭಾನುವಾರದವರೆಗೆ ಫೋನು ಸದ್ದಿಲ್ಲದೆ ಮಲಗಿರುತ್ತದೆ. ಕೆಲವು ವಾರ, ಗುರುವಾರ ತರಕಾರಿ ಅಂಗಡಿಯಲ್ಲಿ ‘ಥ್ಯಾಂಕ್ಯೂ’ ಎನ್ನಲು ಬಾಯಿ ತೆರೆದರೆ ಗಂಟಲು ಕಟ್ಟಿಕೊಂಡಿರುತ್ತದೆ ಚಂದ್ರಾ. ಮಾತಾಡಿ ಎಷ್ಟು ದಿನವಾಯಿತು ಎಂದು ಆಗ ಹೊಳೆಯುತ್ತದೆ.

ಈ ಏಪ್ರಿಲ್‌ನಲ್ಲಿ ಹೊಸ ಹುಡುಗನೊಬ್ಬ ತಂಡಕ್ಕೆ ಬಂದ. ದೂರದಲ್ಲಿ, ಬೇಲಿಯ ಹತ್ತಿರ ನಿಲ್ಲಿಸಿದ್ದರು. ಸುಲಭದ ಚೆಂಡೊಂದು ಅವನ ಕೈಗೇ ಬಂತು, ಜಾರಿಸಿಬಿಟ್ಟ. ನನ್ನ ಬಾಯಿಂದ ತಾನಾಗಿ ಹೊರಟಿತು: “ಅಯ್ಯೋ, ಬಿಟ್ಟ್ಯಲ್ಲೋ!”

ಅವನು ಚೆಂಡನ್ನು ಮರೆತು ನನ್ನ ಕಡೆ ತಿರುಗಿ ನಿಂತ. “ಆಂಟಿ! ಕನ್ನಡಾನಾ?”

“ಮೊದ್ಲು ಚೆಂಡು ಎಸಿಯಪ್ಪಾ, ಅವ್ರು ಓಡ್ತಿದಾರೆ!” ಎಂದೆ.

ಹೆಸರು ಗೌರವ್. ಬೆಂಗಳೂರಿನವನು, ಇಪ್ಪತ್ತಾರು ವರ್ಷ. ಇಲ್ಲಿ ಎಂಎಸ್ಸಿ ಮುಗಿಸಿ ಕೆಲಸ ಹುಡುಕುತ್ತಾ, ಐದು ಜನರೊಂದಿಗೆ ಒಂದು ಮನೆಯಲ್ಲಿದ್ದಾನೆ. ಕ್ರಿಕೆಟ್ ತಂಡಗಳಲ್ಲಿ ಯಾರೂ ಸೇರಿಸಿಕೊಳ್ಳಲಿಲ್ಲವಂತೆ, ಅದಕ್ಕೇ ಬೇಸ್‌ಬಾಲ್‌ಗೆ ಬಂದನಂತೆ. ಆಟದ ನಡುವೆ ನನ್ನ ಕುರ್ಚಿಯ ಪಕ್ಕ ಹುಲ್ಲಿನ ಮೇಲೆ ಕೂತು ಚಕ್ಕುಲಿ ತಿನ್ನುತ್ತಾ ಹರಟುತ್ತಿದ್ದ. ಹಿಡಿದ ಕ್ಯಾಚುಗಳಿಗಿಂತ ಬಿಟ್ಟವೇ ಹೆಚ್ಚು. ತಂಡದ ನಾಯಕ ನೀಲ್, ಕೊಳಾಯಿ ರಿಪೇರಿಯವನು, ಒಳ್ಳೆಯ ಮನುಷ್ಯ. ಬೈಯುತ್ತಿರಲಿಲ್ಲ. ಆದರೆ ಗೌರವ್ ಬಿಟ್ಟಾಗಲೆಲ್ಲ ಟೋಪಿಯನ್ನು ಕಣ್ಣಿನ ಮೇಲೆ ಎಳೆದುಕೊಳ್ಳುತ್ತಿದ್ದ. ಅದು ಬೈಗುಳಕ್ಕಿಂತ ಹೆಚ್ಚು ತಾಗುತ್ತಿತ್ತೆಂದು ಕಾಣುತ್ತದೆ. ಒಂದು ಸಲ ಗೌರವ್ ಹೇಳಿದ, “ಒಂದೇ ಒಂದು ಸಲ ಅವ್ರೆಲ್ಲಾ ನನ್ ಹೆಸರು ಕೂಗ್ಬೇಕು ಆಂಟಿ. ಅಷ್ಟಾದ್ರೆ ಸಾಕು.”

ಎರಡು ವಾರದ ಹಿಂದೆ, ಹದಿನಾಲ್ಕನೇ ತಾರೀಖು, ಕಪ್‌ನ ಕೊನೆಯ ಪಂದ್ಯವಿತ್ತು. ನಮ್ಮ ಪಾರ್ಕಿನಲ್ಲೇ. ಹಿಂದಿನ ದಿನವೆಲ್ಲ ಮಳೆ ಹೊಡೆದು ಹುಲ್ಲು ತೊಪ್ಪೆಯಾಗಿತ್ತು. ಎದುರಾಳಿಗಳು ಬ್ರಾಡ್‌ಫರ್ಡ್ ಕಡೆಯವರು. ಸೂಕ್ಷ್ಮವೆಲ್ಲ ನಿನಗೆ ಬೇಡ, ಇಷ್ಟು ತಿಳಿದುಕೋ. ಕೊನೆಯ ಸರದಿ ಅವರದು. ನಾವು ಒಂದೇ ಒಂದು ರನ್ ಮುಂದೆ. ಅವರ ಇಬ್ಬರು ಓಡಲು ಸಿದ್ಧರಾಗಿ ನಿಂತಿದ್ದಾರೆ, ಇನ್ನೊಬ್ಬ ಔಟಾದರೆ ಆಟ ನಮ್ಮದು, ಚೆಂಡು ನೆಲಕ್ಕೆ ಬಿದ್ದು ಆ ಇಬ್ಬರೂ ಓಡಿ ಮುಗಿಸಿದರೆ ಅವರದು. ಅವರ ದಾಂಡಿಗ ಬೀಸಿದ. ಚೆಂಡು ಎಡಗಡೆ ಬೇಲಿಯ ಕಡೆಗೇ ಬಂತು.

ನಾನು ಆ ದಿನ ಅದೇ ಬೇಲಿಯ ಹತ್ತಿರ ಕೂತಿದ್ದೆ. ಗೌರವ್ ಓಡಿಬಂದು ಮುಂದಕ್ಕೆ ಹಾರಿ, ಎದೆ ಹುಲ್ಲಿಗೆ ಉಜ್ಜುತ್ತಾ ಜಾರಿ, ಕೈಗವಸು ಮೇಲೆತ್ತಿದ. ಒಳಗೆ ಚೆಂಡು. ಅಂಪೈರ್ ಔಟ್ ಎಂದರು. ನಮ್ಮವರೆಲ್ಲ ಅವನ ಹೆಸರು ಕೂಗುತ್ತಾ ಓಡಿದರು. ಎದುರಾಳಿಗಳು ಚೆಂಡು ನೆಲಕ್ಕೆ ಬಡಿದಿತ್ತೆಂದು, ತಮ್ಮ ಇಬ್ಬರೂ ಓಡಿ ಮುಗಿಸಿದ್ದರೆಂದು ಕೂಗಾಡತೊಡಗಿದರು. ಅಂಪೈರ್ ವಯಸ್ಸಾದವರು, ದೂರದಲ್ಲಿದ್ದರು. ಗೌರವನನ್ನು ಕೇಳಿದರು, “ಹಿಡಿದೆಯಾ?”

“ಹಿಡಿದೆ,” ಎಂದ.

ಆಮೇಲೆ ಅವರು ನನ್ನ ಕಡೆ ತಿರುಗಿದರು. “ನಿಮ್ಮ ಕ್ಯಾಮೆರಾದಲ್ಲಿ ಏನಾದರೂ ಸಿಕ್ಕಿದೆಯೇ, ಲವ್?” ಇಲ್ಲಿ ಪರಿಚಯವಿಲ್ಲದ ಹೆಂಗಸನ್ನೂ ಹಾಗೇ ಕರೆಯುತ್ತಾರೆ.

ಪರದೆಯಲ್ಲಿ ಆಗಲೇ ನೋಡಿದ್ದೆ. ಚೆಂಡು ಹುಲ್ಲಿನಲ್ಲಿ ಅರ್ಧ ಹೂತಿತ್ತು, ನೀರು ಚಿಮ್ಮಿತ್ತು. ಕೈಗವಸು ಇನ್ನೂ ಒಂದು ಗೇಣು ಹಿಂದಿತ್ತು. ಅನುಮಾನಕ್ಕೆ ಜಾಗವೇ ಇರಲಿಲ್ಲ. ಕಂಡದ್ದನ್ನು ಕಂಡ ಹಾಗೆ ಬರೆದುಕೊಡುವುದೇ ಇಪ್ಪತ್ತೆಂಟು ವರ್ಷದ ನನ್ನ ಕೆಲಸವಾಗಿತ್ತು, ನಿನಗೆ ಗೊತ್ತು.

“ಇಲ್ಲ. ನಾನು ಆಗ ಬಸ್ಸಿನ ಫೋಟೋ ತೆಗೆಯುತ್ತಿದ್ದೆ,” ಎಂದೆ.

ಯಾರೂ ಅನುಮಾನಪಡಲಿಲ್ಲ. ಈ ಹೆಂಗಸು ಬಸ್ಸು, ಬೇಲಿ, ಚಾದರ ಅಂತ ತೆಗೆಯುತ್ತಿರುತ್ತಾಳೆಂದು ಎಲ್ಲರಿಗೂ ಗೊತ್ತು. ಕಪ್ ನಮ್ಮದಾಯಿತು. ಗೌರವನನ್ನು ಎತ್ತಿ ಕುಣಿಸಿದರು. ನೀಲ್ ಟೋಪಿ ತೆಗೆದು ಅವನ ತಲೆಗೇ ಇಟ್ಟ.

ಸ್ವಲ್ಪ ಹೊತ್ತಿಗೆ ಗೌರವ್ ನನ್ನ ಹತ್ತಿರ ಬಂದ. ಅಂಗಿಯ ಎದೆಯ ತುಂಬ ಕೆಸರು, ಮುಖದಲ್ಲಿ ಗೆದ್ದ ಕಳೆ ಇಲ್ಲ.

“ಆಂಟಿ, ನಿಜ ಹೇಳಿ. ಫೋಟೋ ಇದೆ ಅಲ್ವಾ?”

“ಇದೆ.”

“ಮತ್ತೆ ಯಾಕೆ ಇಲ್ಲ ಅಂದ್ರಿ?”

“ಚೆಂಡು ಹಿಡಿದವ್ನು ನೀನು. ಅವ್ರು ನಿನ್ನನ್ನ ಕೇಳಾಗಿತ್ತು. ಮತ್ತೆ ನಂದೇನು ನಡುವೆ?”

ಅವನು ಅಲ್ಲೇ ಹುಲ್ಲಿನ ಮೇಲೆ ಕೂತ. ಚಕ್ಕುಲಿಯ ಡಬ್ಬಿ ಮುಂದೆ ಇಟ್ಟೆ, ಮುಟ್ಟಲಿಲ್ಲ. “ಅವ್ರು ನನ್ ಹೆಸರು ಕೂಗಿದ್ರು, ಕೇಳಿದ್ರಾ?” ಎಂದ. ಕೇಳಿದೆ ಎಂದೆ. ಎರಡು ಬಸ್ಸು ಬಂದು ಹೋದವು. ಆ ಕಡೆ ತಂಡದವರು ಕಪ್ ಹಿಡಿದು ಗುಂಪು ಫೋಟೋಗೆ ಸಾಲಾಗಿ ನಿಂತು ನಮ್ಮಿಬ್ಬರನ್ನೂ ಕರೆಯುತ್ತಿದ್ದರು. ಅವನು ಎದ್ದ. ಅವರ ಕಡೆಗೆ ಹೋಗಲಿಲ್ಲ. ಕಾರಿನ ಡಿಕ್ಕಿಗೆ ಸಾಮಾನು ತುಂಬುತ್ತಿದ್ದ ಅಂಪೈರ್ ಕಡೆಗೆ ನಡೆದ.

ಏನು ಹೇಳಿದನೋ ನನಗೆ ಕೇಳಿಸಲಿಲ್ಲ. ಅಂಪೈರ್ ಕನ್ನಡಕ ತೆಗೆದು ಒರೆಸಿಕೊಂಡದ್ದು ಕಂಡಿತು. ಅವರು ಎರಡೂ ತಂಡದ ನಾಯಕರನ್ನು ಕರೆದರು. ನೀಲ್ ಬೂಟಿನ ಮಣ್ಣನ್ನು ಬ್ಯಾಟಿನ ತುದಿಯಿಂದ ಕೆರೆಯುತ್ತಾ ಬಹಳ ಹೊತ್ತು ನಿಂತ. ಆಮೇಲೆ ಕಪ್ ತಂದು ಗೌರವನ ಕೈಗೆ ಕೊಟ್ಟು, “ಹೋಗು, ನೀನೇ ಕೊಟ್ಟು ಬಾ,” ಎಂದ. ಗೌರವ್ ಆ ಕೆಸರಂಗಿಯಲ್ಲೇ ಪಾರ್ಕಿನ ಉದ್ದಕ್ಕೂ ನಡೆದುಹೋಗಿ ಬ್ರಾಡ್‌ಫರ್ಡ್‌ನವರಿಗೆ ಕಪ್ ಕೊಟ್ಟ. ಯಾರೂ ಚಪ್ಪಾಳೆ ತಟ್ಟಲಿಲ್ಲ, ಅದೆಲ್ಲ ಸಿನಿಮಾದಲ್ಲಿ. ನಮ್ಮ ತಂಡದ ಇಬ್ಬರು ಅವನ ಮುಖ ನೋಡದೆ ಮನೆಗೆ ಹೋದರು. ನೀಲ್ ಮಾತ್ರ ಅವನನ್ನು ತನ್ನ ವ್ಯಾನಿನಲ್ಲಿ ಕೂರಿಸಿಕೊಂಡ. ಪಬ್ಬಿಗೆ ಬನ್ನಿ ಎಂದು ನನ್ನನ್ನೂ ಕರೆದರು. ತಲೆನೋವು ಎಂದು ಹೇಳಿ ಬಸ್ ಹತ್ತಿದೆ.

ಮೊನ್ನೆ ಗೌರವ್ ಮನೆಗೆ ಬಂದಿದ್ದ. ಜೋಳದ ರೊಟ್ಟಿ, ಎಣ್ಣೆಗಾಯಿ ಮಾಡಿದ್ದೆ. ಬೆಂಗಳೂರಿನ ಹುಡುಗ, ರೊಟ್ಟಿಯನ್ನು ಚಪಾತಿಯಂತೆ ಮಡಚಲು ಹೋಗಿ ಮುರಿದುಕೊಂಡ. ಮ್ಯಾಂಚೆಸ್ಟರ್‌ನಲ್ಲಿ ಕೆಲಸ ಸಿಕ್ಕಿದೆ, ಬರುವ ವಾರ ಹೋಗುತ್ತಾನೆ. ಆ ಫೋಟೋ ತೋರಿಸಿ ಎಂದ, ತೋರಿಸಿದೆ. ಬಹಳ ಹೊತ್ತು ನೋಡಿ ಹೇಳಿದ, “ನೀವು ಅವತ್ತೇ ತೋರಿಸಿದ್ರೆ ನಾನು ಸಿಕ್ಕಾಕ್ಕೊಂಡ ಕಳ್ಳ ಆಗ್ತಿದ್ದೆ ಆಂಟಿ. ನನಗೆ ಟೈಮ್ ಕೊಟ್ರಿ ನೀವು.” ನಾನು ಇನ್ನೊಂದು ರೊಟ್ಟಿ ತರುವ ನೆಪದಲ್ಲಿ ಒಳಗೆ ಹೋದೆ.

ಸೀಸನ್ ಮುಗಿಯಿತು. ಇನ್ನು ಏಪ್ರಿಲ್‌ವರೆಗೆ ಆ ಮೂಲೆಯಲ್ಲಿ ಗೆರೆಯೂ ಇಲ್ಲ, ಜನವೂ ಇಲ್ಲ. ನಿನ್ನೆ ಸುಮ್ಮನೆ ಹೋಗಿ ಖಾಲಿ ಮೈದಾನದ ನಾಲ್ಕು ಫೋಟೋ ತೆಗೆದು ಬಂದೆ. ಒಂದನ್ನು ಇದರ ಜೊತೆ ಇಟ್ಟಿದ್ದೇನೆ.

ನಿಹಾರಿಕಾಗೂ ಅಳಿಯನಿಗೂ ನನ್ನ ಆಶೀರ್ವಾದ ತಿಳಿಸು. ಅವರ ಮನೆಯಲ್ಲಿ ಮಾತಿಗೆ ಬರವಾಗದಿರಲಿ, ಜಗಳವಾಡಿದರೂ ಅದೇ ದಿನ ಮುಗಿಸಿಕೊಳ್ಳಲಿ. ನಿನ್ನ ಮಂಡಿನೋವಿಗೆ ಔಷಧಿ ತಪ್ಪಿಸಬೇಡ. ಉತ್ತರ ಬರೆಯುತ್ತೀಯಲ್ಲ? ಬೈದೇ ಬರೆ.

ಎಂದೆಂದಿಗೂ ನಿನ್ನ,
ಅಹಲ್ಯಾ

ತಾ.ಕ.: ಲಕೋಟೆ ಅಂಟಿಸಿದ್ದೆ, ಬಿಡಿಸಿದೆ. ಸ್ಕಂದ ಚೆನ್ನಾಗಿದ್ದಾನೆಂದು ಬರೆದೆನಲ್ಲ, ಅದು ಅವನ ಅಪ್ಪನಿಂದ ಕೇಳಿದ್ದು. ಅವನು ನನ್ನೊಡನೆ ಮಾತಾಡಿ ಎರಡು ವರ್ಷವಾಯಿತು. ಮದುವೆಗೆ ಬಂದರೆ ಎಲ್ಲರೂ ಮಗ ಎಲ್ಲಿ ಎಂದು ಕೇಳುತ್ತಾರೆಂದೇ ನಾನು ಬರಲಿಲ್ಲ.

ಎರಡು ವರ್ಷದ ಹಿಂದೆ, ಅದೇ ಪಾರ್ಕಿನಲ್ಲಿ, ಸ್ಕಂದ ಓಡಿಬರುತ್ತಿದ್ದವನನ್ನು ಚೆಂಡಿನಿಂದ ಮುಟ್ಟಿ ಔಟ್ ಮಾಡಿದೆನೆಂದ. ಚೆಂಡು ಅವನ ಕೈಯಲ್ಲಿರಲಿಲ್ಲ, ಮಂಡಿಯ ಹಿಂದೆ ಬಿದ್ದಿತ್ತು. ನನ್ನ ಫೋಟೋದಲ್ಲಿ ಸ್ಪಷ್ಟವಾಗಿತ್ತು. ಯಾರೂ ನನ್ನನ್ನು ಕೇಳಿರಲಿಲ್ಲ ಚಂದ್ರಾ. ನಾನೇ ಕುರ್ಚಿಯಿಂದ ಎದ್ದು, ಮೈದಾನದ ನಡುವೆ ನಡೆದು, ಎಲ್ಲರೆದುರು ಅಂಪೈರ್‌ಗೆ ತೋರಿಸಿದೆ. ಸತ್ಯ ಹೇಳಿದೆನೆಂದು ಹೆಮ್ಮೆಯೇ ಆಗಿತ್ತು. ಮನೆಗೆ ಬರುವಾಗ ಕಾರಿನಲ್ಲಿ ಸ್ಕಂದ, “ಅಮ್ಮಾ, ಐ ವಾಸ್ ಗೋಯಿಂಗ್ ಟು ಟೆಲ್ ದೆಮ್,” ಎಂದ. ನಾನೇ ಹೇಳುವವನಿದ್ದೆ ಎಂದು. “ಸಿಕ್ಕಿಬಿದ್ದವರೆಲ್ಲ ಹಾಗೇ ಹೇಳ್ತಾರೆ,” ಎಂದೆ. ಅದೇ ನಮ್ಮ ಕೊನೆಯ ಮಾತು.

ಗೌರವ್ ಅಂಪೈರ್ ಕಡೆಗೆ ನಡೆಯುವಾಗ ಗಡಿಯಾರ ನೋಡಿದೆ. ‘ಹಿಡಿದೆ’ ಎಂದು ಅವನು ಹೇಳಿ ಹದಿನೆಂಟು ನಿಮಿಷವಾಗಿತ್ತು. ನನ್ನ ಮಗನಿಗೆ ನಾನು ಒಂದು ನಿಮಿಷವನ್ನೂ ಕೊಟ್ಟಿರಲಿಲ್ಲ.

ಇವತ್ತು ಬೆಳಿಗ್ಗೆ, ನೀನು ಹೇಳಿದ್ದು ನಿಜವಿತ್ತು ಕಂದಾ, ನಾನು ನಂಬಬೇಕಿತ್ತು ಎಂದು ಅವನ ಫೋನಿಗೆ ಮಾತಾಡಿ ಕಳಿಸಿದೆ. ಕೇಳಿದ್ದಾನೆಂದು ಫೋನು ತೋರಿಸುತ್ತಿದೆ. ಉತ್ತರ ಇನ್ನೂ ಬಂದಿಲ್ಲ.