ಕಬ್ಬಿಣದ ಕವಚ ಮತ್ತು ನಿನ್ನ ಹೆಂಡತಿ

ಇಸ್ತ್ರಿ ಅಂಗಡಿಯ ಮಹಡಿ,
ಮಾರ್ಚ್ ೯, ಭಾನುವಾರ

ಪ್ರೀತಿಯ ತಮ್ಮಾ,

ಆರೋಗ್ಯವೇ? ಹಡಗಿನ ಎಂಜಿನ್ ಕೋಣೆಯ ಸೆಕೆಗೆ ಕುತ್ತಿಗೆ ತುಂಬ ಬೆವರುಸಾಲೆ ಎದ್ದಿತ್ತಲ್ಲ, ಕಡಿಮೆಯಾಯಿತೇ? ಪುಡಿ ಹಚ್ಚಿಕೋ, ಸೋಮಾರಿತನ ಮಾಡಬೇಡ. ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ಹೆಂಡತಿಯಂತೂ ತುಂಬಾನೇ ಚೆನ್ನಾಗಿದ್ದಾಳೆ.

ನೀನು ಹೇಳಿ ಹೋದೆಯೆಂದು ಅವಳನ್ನು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆಯೊಳಗೆ ಹೋರಾಡುವ ನಮ್ಮ ಭಾನುವಾರದ ದಾಳದ ಆಟಕ್ಕೆ ಸೇರಿಸಿಕೊಂಡೆ. ಇಸ್ತ್ರಿ ಮೇಜಿನ ಸುತ್ತ ನಾನು, ಅಪ್ಪ, ಆಟ ನಡೆಸುವ ಕನ್ನಡಕದಂಗಡಿಯವರು, ಈಗ ಅವಳು. ನನ್ನ ಪಾತ್ರ ನಿನಗೆ ಗೊತ್ತಲ್ಲ, ಕಬ್ಬಿಣದ ಕವಚದ ಯೋಧೆ. ಬಲ ಹೆಚ್ಚು, ಚುರುಕು ಕಡಿಮೆ. ಅವಳು ಹಗ್ಗದ ಮೇಲೆ ನಡೆಯುವವಳ ಪಾತ್ರ ಮಾಡಿಕೊಂಡು, ಸಿಕ್ಕ ಅಂಕವನ್ನೆಲ್ಲ ಚುರುಕಿಗೇ ಸುರಿದಳು. ಮೈಮೇಲೆ ಒಂದು ತೊಗಲಿನ ಅಂಗಿ, ಅಷ್ಟೇ. ಆದರೂ ಅವಳ ರಕ್ಷಣೆಯ ಅಂಕ ನನಗಿಂತ ಒಂದು ಹೆಚ್ಚು. ಇದ್ಯಾವ ನ್ಯಾಯ ಎಂದು ಕೇಳಿದ್ದಕ್ಕೆ ಕನ್ನಡಕದಂಗಡಿಯವರು ಸಮಾಧಾನವಾಗಿ ವಿವರಿಸಿದರು: ಹಗುರ ಉಡುಪಿನವರ ರಕ್ಷಣೆಗೆ ಚುರುಕಿನ ಲಾಭ ಪೂರ್ತಿ ಸೇರುತ್ತದೆ, ಭಾರದ ಕವಚ ತೊಟ್ಟವರಿಗೆ ಚೂರೂ ಇಲ್ಲ. ಆಟದಲ್ಲಿ ಎದುರಾದ ದೈತ್ಯನೊಬ್ಬ ಕೊಡಲಿ ಬೀಸಿದಾಗೆಲ್ಲ ಅವಳು ತಪ್ಪಿಸಿಕೊಂಡಳು, ಏಟು ನಾನು ತಿಂದೆ. ನಾನು ಗೆದ್ದಾಗ ಒಮ್ಮೆಯೂ ಕಣ್ಣೆತ್ತಿ ನೋಡದ ಅಪ್ಪ ಅವಳಿಗೆ ಚಪ್ಪಾಳೆ ತಟ್ಟಿದರು. ಹೊಟ್ಟೆ ಉರಿಯಿತು ಕಣೋ.

ಆಗ ವಿಷದ ಹೊಗೆಯ ಗುಹೆ ಬಂತು. ಹೊಗೆಯ ಮುಂದೆ ಚುರುಕೂ ನಡೆಯದು, ಕವಚವೂ ನಡೆಯದು. ಮೈಯ ಗಟ್ಟಿತನವೊಂದೇ ಲೆಕ್ಕ. ಅವಳ ಪಾತ್ರದ್ದು ಕಡ್ಡಿಯಂಥ ಮೈ ಎಂದು ಗೊತ್ತಿದ್ದೇ, ಇದೇ ಹತ್ತಿರದ ದಾರಿ ಎಂದು ಹಟ ಹಿಡಿದೆ. ಒಳಗೆ ಹೊಕ್ಕಿದ್ದೇ ತಡ, ಬಿದ್ದಳು. ಮೇಜಿನ ಆಚೆ ನಿಜವಾಗಿಯೂ ಅವಳ ಮುಖ ಬಿಳಿಚಿಕೊಂಡಿತು. ಬಿಟ್ಟುಬರಲು ಮನಸ್ಸಾಗದೆ ನನ್ನ ಯೋಧೆಯ ಹೆಗಲ ಮೇಲೆ ಹೊತ್ತುಕೊಂಡು ಆಚೆ ತಂದೆ. ಬಲ ಅಲ್ಲಾದರೂ ಕೆಲಸಕ್ಕೆ ಬಂತು. ಅವಳು ನನ್ನ ಕೈ ಹಿಡಿದುಕೊಂಡು, "ಅಕ್ಕಾ, ನೀವಿದ್ರೆ ಅವರು ದೂರ ಇದಾರೆ ಅಂತಾನೇ ಅನ್ಸಲ್ಲ" ಅಂದಳು. ನೆಟ್ಟಗೆ ಸಿಟ್ಟು ಮಾಡಿಕೊಳ್ಳುವುದಕ್ಕೂ ಬಿಡುವುದಿಲ್ಲ ನೋಡು. ನೀನು ದೂರ ಇದ್ದೀಯೆಂದು ನನಗೆ ಮಾತ್ರ ಅನ್ನಿಸುತ್ತದೆ.

ಹೊತ್ತುಹೊತ್ತಿಗೆ ಉಣ್ಣು. ಯಾವ ನೀರಿನ ಮೇಲಿದ್ದರೂ ಸುಖವಾಗಿರು.

ನಿನ್ನ
ಅಕ್ಕ

ಮರೆತಿದ್ದೆ: ಮುಂದಿನ ವಾರ ನಿನ್ನ ಮಂತ್ರವಾದಿಯ ಪಾತ್ರವನ್ನು ತಾನು ಆಡಲೇ ಎಂದು ಕೇಳಿದ್ದಾಳೆ. ನಿನ್ನನ್ನು ವಿಚಾರಿಸಿ ಹೇಳುತ್ತೇನೆ ಎಂದಿದ್ದೇನೆ. ಬೇಡ ಎಂದು ಬರೆ. ನಿನಗೇ ತೋಚಿದ ಹಾಗೆ ಬರೆ. ನಾನು ಹೇಳಿಕೊಟ್ಟೆ ಎಂದು ಅವಳಿಗೆ ತಿಳಿಯಬಾರದು.