ಹೊಸ ಲಾರಿ ಪಳಗಿತು, ಮಾದೇವ

ಒಂದೇ ಸ್ಟೀರಿಂಗು ಹಂಚಿಕೊಂಡ ಗೆಳೆಯ ಮಾದೇವನಿಗೆ, ಭೀಮನಬೀಡಿನಿಂದ ಸಿದ್ದರಾಜು.

ಕ್ಷೇಮವಾ ಅಂತ ಕೇಳೋಕೆ ಕೈ ಬರಲ್ಲ ಕಣ್ಲಾ. ನೀನು ಇರೋ ಕಡೆ ಆ ಮಾತಿಗೆ ಅರ್ಥ ಇದೆಯೋ ಇಲ್ಲವೋ. ಆದರೂ ಲಾರಿ ವಿಚಾರ ನಿನಗೆ ಹೇಳದೆ ಇನ್ಯಾರಿಗೆ ಹೇಳಲಿ? ಬೇರೆಯವರಿಗೆ ಹೇಳಿದರೆ ನನ್ನ ಮುಖವನ್ನೇ ಒಂಥರಾ ನೋಡ್ತಾರೆ. ನೀನು ಹಂಗೆ ನೋಡಲ್ಲ ಅನ್ನೋ ಧೈರ್ಯದ ಮೇಲೆ ಬರೀತಾ ಇದ್ದೀನಿ.

ಲಾರಿಯನ್ನ ನಿಮ್ಮೂರು ಹರದನಹಳ್ಳಿಗೆ ತಂದ ದಿನ ನೆನಪಿದೆಯಾ? ಇಷ್ಟು ವರ್ಷ ಯಾರ್ಯಾರದೋ ಹಳೇ ಗಾಡಿ ಓಡಿಸಿ ಸೊಂಟ ಮುರ್ಕೊಂಡವರು ನಾವು. ಮೊದಲ ಸಲ ನಮ್ಮದೇ ಅನ್ನೋ ಗಾಡಿ, ಅದೂ ಟರ್ಬೊ. ನಿನ್ನ ಹೆಂಡತಿ ದೇವಮ್ಮಣ್ಣಿ ಆರತಿ ಎತ್ತಿದಳು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು. ಊರವರೆಲ್ಲ ಬಾಡಿ ತಟ್ಟಿ, ಟೈರು ಒದ್ದು ನೋಡ್ತಿದ್ದರೆ ನೀನು ಮಾತ್ರ ಕ್ಯಾಬಿನ್ ಒಳಗೆ ಇಂಜಿನ್ ಮುಚ್ಚಳಕ್ಕೆ ಕಿವಿ ಕೊಟ್ಟು ಕೂತಿದ್ದೆ. "ಕೇಳಿಸ್ತಾ ಸಿದ್ದ? ಒಳಗೆ ಸಣ್ಣದಾಗಿ ಸೀಟಿ ಹೊಡೀತದೆ. ಹೊಗೆ ತಳ್ಳೋ ರಭಸಕ್ಕೇ ಒಂದು ಚಕ್ರ ತಿರುಗಿ ಇಂಜಿನ್ನಿಗೆ ಗಾಳಿ ತುಂಬ್ತದೆ ಕಣ್ಲಾ. ಇದು ನಮ್ಮಂಗೇ ಉಸುರಾಡ್ತದೆ" ಅಂದೆ. ನಾನು ನಕ್ಕೆ. ನೀನು ನಗಲಿಲ್ಲ.

ಅವತ್ತಿನಿಂದ ಶುರುವಾಯಿತಲ್ಲ ನಿನ್ನ ಕಟ್ಟಳೆ. ಗಾಡಿ ಪಳಗೋವರೆಗೂ ಅರ್ಧ ಲೋಡಿಗಿಂತ ಹೆಚ್ಚು ಹಾಕೋ ಹಾಗಿಲ್ಲ. ಏರಿನಲ್ಲಿ ಎಳೆಯಕ್ಕಾಗದೆ ಒದ್ದಾಡೋ ಮೊದಲೇ ಗೇರ್ ಇಳಿಸಬೇಕು. ಒಂದೇ ವೇಗದಲ್ಲಿ ಎಳೀಬಾರದು. ಏರ್ ಫಿಲ್ಟರಿನ ಧೂಳು ದಿನಾ ಕೊಡವಬೇಕು. "ಬೇಗ ಬೇಗ ಓಡ್ಸಿ ನಾಲ್ಕು ಟ್ರಿಪ್ಪು ಹೆಚ್ಚು ಹೊಡಿಯನ ಬಾರ್ಲಾ" ಅಂತ ನಾನಂದರೆ, "ಹೊಸ ಹೋರಿನ ಮೊದಲ್ನೇ ದಿನಾನೇ ಗೊಬ್ಬರದ ಗಾಡಿಗೆ ಕಟ್ತಾರೇನ್ಲಾ?" ಅಂತಿದ್ದೆ. ಎಲ್ಲಕ್ಕಿಂತ ದೊಡ್ಡದು ಆ ಕೊನೇ ಕಟ್ಟಳೆ. ಗಾಡಿ ನಿಂತ ತಕ್ಷಣ ಇಂಜಿನ್ ಆಫ್ ಮಾಡಬಾರದು. "ಉಸುರು ಇಳಿಸ್ಕಳ್ಳಿ ಬುಡು. ಒಳಗೆ ಆ ಚಕ್ರ ಇನ್ನೂ ಸುತ್ತುತಾ ಇರ್ತದೆ. ಈಗ ಆಫ್ ಮಾಡ್ಬುಟ್ರೆ ಎಣ್ಣೆ ಬರೋದು ನಿಂತು ಸೀದೋಯ್ತದೆ." ಹಂಗಂದು ಕಣ್ಣು ಮುಚ್ಕೊಂಡು, ಗೇರ್ ಗುಂಡಿನ ಮೇಲೆ ಕೈ ಇಟ್ಕೊಂಡು ಕೂತುಬಿಡ್ತಿದ್ದೆ. ಸೀಟಿ ಪೂರ್ತಿ ಇಳಿದ ಮೇಲೇ ಇಂಜಿನ್ ನಿಲ್ಲಿಸೋ ಸ್ಟಾಪ್ ಗುಬುಟು ಎಳೆದು ಕೆಳಗಿಳೀತಿದ್ದೆ. ಅಷ್ಟರಲ್ಲಿ ನನ್ನದು ಟೀ ಕುಡಿದು ಮುಗಿದಿರ್ತಿತ್ತು.

ಈರೋಡಿನಲ್ಲಿ ಅರಿಶಿನ ಇಳಿಸಿ ವಾಪಸ್ ಬಂದ ಆ ಬೆಳಗ್ಗೆ... ಇದನ್ನ ನಿನಗೇ ಹೇಳೋದು ವಿಚಿತ್ರ. ಆದರೆ ನೀನು ಎಲ್ಲಿವರೆಗೆ ನೋಡಿದೆ ಅಂತ ನನಗೆ ಗೊತ್ತಿಲ್ಲವಲ್ಲ? ಸತ್ಯಮಂಗಲ ಬಿಟ್ಟು ದಿಂಬಂ ಘಾಟಿ ಹತ್ತುವಾಗ ಸ್ಟೀರಿಂಗು ನಿನ್ನ ಕೈಲಿತ್ತು. ತಿರುವಿನಲ್ಲಿ ಒಂದೆರಡು ಸಲ ಎಡಗೈ ಒದರಿದೆ. "ಏನ್ಲಾ?" ಅಂತ ಕೇಳಿದೆ. "ಸ್ಟೀರಿಂಗು ಬಿಗಿ ಅದೆ, ಪಳಗ್ತದೆ" ಅಂದೆ ನೀನು. ಮೇಲೆ ಹತ್ತಿ ನಿಲ್ಲಿಸಿದಾಗ ನಾನು ಟೀಗೆ ಅಂತ ಮೊದಲು ಇಳಿದೆ. ಮಂಜು ಎಷ್ಟಿತ್ತು ಅಂದರೆ ಟೀ ಅಂಗಡಿ ಬಾಗಿಲಿಂದ ನಮ್ಮ ಲಾರಿಯೇ ಕಾಣ್ತಿರಲಿಲ್ಲ. ಅದರ ಸದ್ದು ಮಾತ್ರ ಬರ್ತಿತ್ತು. ನೀನು ಉಸಿರು ಇಳಿಸ್ತಾ ಇದ್ದೀಯ ಅಂದ್ಕೊಂಡೆ. ನನ್ನ ಟೀ ಮುಗೀತು. ನಿನ್ನ ಟೀ ತಣ್ಣಗಾಯಿತು. ಅಂಗಡಿಯವನು ಕತ್ತು ಹೊರಗೆ ಹಾಕಿ, "ವಂಡಿ ಇನ್ನುಂ ಓಡುದೇ ಅಣ್ಣಾ" ಅಂದ. ಹೌದು, ಗಾಡಿ ಇನ್ನೂ ಓಡ್ತಾನೇ ಇತ್ತು.

ಬಾಗಿಲು ತೆಗೆದಾಗ ನೀನು ಎಂದಿನ ಹಾಗೇ ಕೂತಿದ್ದೆ. ಕಣ್ಣು ಮುಚ್ಚಿತ್ತು. ಗೇರ್ ಗುಂಡಿನ ಮೇಲಿದ್ದ ಬಲಗೈ... ಅಲ್ಲ, ಎಡಗೈ. ನೋಡು, ಇದನ್ನ ಬರೆಯುವಾಗ ಕೈಗಳೂ ತಪ್ಪಿ ಹೋಗ್ತವೆ. ಬೆರಳ ಸಂದಿಯಲ್ಲಿ ಅರಿಶಿನದ ಪುಡಿ. ಆ ಕೈ ಅದುರ್ತಾ ಇತ್ತು ಮಾದೇವ. ಭುಜ, ಕತ್ತು, ಕೆನ್ನೆ ಎಲ್ಲ ಸಣ್ಣಗೆ ಅದುರ್ತಿತ್ತು. ಬದುಕಿದ್ದೀಯ ಅಂತ ನಾನು ಕೂಗ್ತಾ ಕೂಗ್ತಾ ಸ್ಟಾಪ್ ಗುಬುಟು ಎಳೆದೆ. ಇಂಜಿನ್ ನಿಂತಿತು. ಅದರ ಜೊತೆಗೆ ನೀನೂ ನಿಂತೆ. ಅಲ್ಲಿವರೆಗೂ ನಿನ್ನನ್ನ ಅದುರಿಸ್ತಾ ಇದ್ದದ್ದು ಇಂಜಿನ್ನೇ? ಇಲ್ಲಾ...

ಚಾಮರಾಜನಗರದ ಡಾಕ್ಟರು ಎದೆ ನಿಂತಿದೆ, ಕೂತ ಕ್ಷಣದಲ್ಲೇ ಆಗಿದೆ, ಯಾರಿದ್ದರೂ ಏನೂ ಮಾಡೋಕೆ ಆಗ್ತಿರಲಿಲ್ಲ ಅಂದರು. ಅದನ್ನೇ ದೇವಮ್ಮಣ್ಣಿಗೆ ಹೇಳಿದೆ. ಅವಳು ಅಳಲಿಲ್ಲ. ನಿನ್ನನ್ನ ಮಲಗಿಸಿದ್ದ ಜಗಲಿಯ ಮೇಲೆ ಕೂತು ಒಂದೇ ಮಾತು ಕೇಳಿದಳು: "ಇಂಜಿನ್ ನಿಲ್ಲುಸ್ದೋರು ಯಾರಣ್ಣ?" ನಾನೇ ಅಂದೆ. "ಉಸುರು ಇಳಿದಿತ್ತಾ?" ಅಂದಳು. ಯಾರ ಉಸಿರು ಅಂತ ಕೇಳೋ ಧೈರ್ಯ ನನಗಿರಲಿಲ್ಲ.

ಕಾರ್ಯವೆಲ್ಲ ಮುಗಿದ ಮೇಲೂ ಲಾರಿ ನಿನ್ನ ಮನೆ ಪಕ್ಕದ ಹುಣಸೆಮರದ ಕೆಳಗೇ ನಿಂತಿತ್ತು. ಹೊಸ ಗಾಡಿ, ಸುಮ್ಮನೆ ನಿಲ್ಲಿಸಿದರೆ ಬ್ಯಾಟರಿ ಇಳೀತದೆ ಅಂತ ಒಂದಿನ ಗುಂಡ್ಲುಪೇಟೆಯಿಂದ ಮೊದಲ ಬಸ್ಸಿಗೇ ಬಂದೆ. ಊರು ಇನ್ನೂ ಕಸ ಗುಡಿಸ್ತಿತ್ತು. ಬೀಗ ತೆಗೆದು ಒಳಗೆ ಕೂತು ಇಂಜಿನ್ ಮುಚ್ಚಳದ ಮೇಲೆ ಕೈ ಇಟ್ಟೆ. ಬೆಚ್ಚಗಿತ್ತು. ಬಿಸಿಲು ಇನ್ನೂ ಬಿದ್ದಿಲ್ಲ, ಆದರೂ ಈಗ ತಾನೇ ಓಡಿ ಬಂದ ಹಾಗೆ ಬೆಚ್ಚಗಿತ್ತು. ತಲೆ ಎತ್ತಿದೆ. ಮುಂದಿನ ಗಾಜಿನ ತುಂಬ ಹೊರಗಡೆ ಇಬ್ಬನಿ. ಡ್ರೈವರ್ ಸೀಟಿನ ಎದುರು ಮಾತ್ರ ಒಳಗಡೆಯಿಂದ ಮಬ್ಬು ಕಟ್ಟಿತ್ತು, ಯಾರೋ ಬಾಯಿ ತೆರೆದು ಉಸಿರು ಬಿಟ್ಟ ಹಾಗೆ. ಬೆರಳಲ್ಲಿ ಒರೆಸಿದೆ. ನಾನು ಎಳೆದ ಗೆರೆ ನನ್ನ ಕಣ್ಣೆದುರಿಗೇ ಮತ್ತೆ ಮಬ್ಬಾಯಿತು. ಕೆಳಗೆ ಹಾರಿದವನು ಬೀಗ ಹಾಕೋದನ್ನೂ ಮರೆತು ಬಸ್‌ಸ್ಟಾಪಿಗೆ ಬಂದೆ ಕಣ್ಲಾ.

ನಾಲ್ಕು ದಿನ ಬಿಟ್ಟು ಮತ್ತೆ ಬಂದಾಗಲೂ ಬೆಚ್ಚಗೇ ಇತ್ತು. ಅಕ್ಕಪಕ್ಕದವರು ಬೆಳಗಿನ ಜಾವ ಸೀಟಿ ಕೇಳಿಸ್ತದೆ ಅಂತ ಮಾತಾಡೋಕೆ ಶುರು ಮಾಡಿದರು. ನಿನ್ನ ಭಾವಮೈದ ಬಸವಣ್ಣ ಕುದೇರಿನಿಂದ ಬಂದು ಜಗಲಿ ಮೇಲೆ ನಿಂತು ಕೂಗಾಡಿದ. "ಸಾವಾದ ಗಾಡಿ ಮನೆ ಮುಂದೆ ಇಟ್ಕಂಡು ನನ್ ತಂಗಿಗೆ ಗಾಳಿ ಮೆಟ್ಕಂಡದೆ. ರೊಟ್ಟಿ ತಟ್ತಾ ತಟ್ತಾ ಒಬ್ಬಳೇ ಮಾತಾಡ್ತಾಳಂತೆ. ಲಾರಿ ಮಾರ್ಬುಡು ಸಿದ್ದಣ್ಣ, ಇಲ್ದಿದ್ರೆ ಇವಳನ್ನ ದೆವ್ವ ಬುಡ್ಸೋರ ತಾವ ಕರ್ಕಂಡೋಯ್ತೀನಿ." ಅಂಥ ಕಡೆ ಬೇವಿನ ಕಡ್ಡಿಯ ಬರಲಲ್ಲಿ ಹೊಡೀತಾರೆ ಅಂತ ನನಗೆ ಗೊತ್ತಿತ್ತು. ಸ್ವಲ್ಪ ದಿನ ತಾಳು ಅಂದೆ. ಅವನು ತಂಗಿಯನ್ನ ಒಂದು ವಾರಕ್ಕೆ ಅಂತ ಕುದೇರಿಗೆ ಕರ್ಕೊಂಡು ಹೋದ. ಆ ವಾರ ಎರಡು ಸಲ ಬಂದು ನೋಡಿದೆ. ನಿನ್ನ ಮನೆಗೆ ಬೀಗ. ಲಾರಿಗೂ ಬೀಗ. ಇಂಜಿನ್ ಮಾತ್ರ ಬೆಚ್ಚಗೆ.

ಅವಳು ವಾಪಸ್ ಬಂದ ಮಾರನೇ ದಿನ ಬಸ್ಸಿಳಿಯೋ ಹೊತ್ತಿಗೇ ಆ ಸದ್ದು ಕೇಳಿಸಿತು. ನಿನ್ನ ಹಾಗೇ, ಆಕ್ಸಿಲರೇಟರ್ ಮುಟ್ಟದೆ, ನಿಧಾನಕ್ಕೆ ಓಡ್ತಿರೋ ಇಂಜಿನ್. ಹುಣಸೆಮರದ ಹತ್ತಿರ ಹೋದರೆ ಡ್ರೈವರ್ ಸೀಟಿನಲ್ಲಿ ನಿನ್ನ ಕರೀ ಕಂಬಳಿ ಹೊದ್ದು ಒಬ್ಬರು ಕೂತಿದ್ದಾರೆ. ಕಂಬಳಿ ತಿರುಗಿತು. ದೇವಮ್ಮಣ್ಣಿ.

"ಹತ್ತಣ್ಣ" ಅಂದಳು. ಹತ್ತಿ ಎಡಗಡೆ ಕೂತೆ.

"ಅವ್ರು ಸ್ನಾನ ಮಾಡೋ ಹೊತ್ತಿಗೆ ಇಂಜಿನ್ ಬೆಚ್ಗೆ ಮಾಡಿಕ್ಕು ಅಂತ ನಂಗೇ ಕಲಿಸಿದ್ರು. ಅದೇ ಅಭ್ಯಾಸ. ಬೆಳಗಾದ್ರೆ ಮನಸು ತಡೀದು, ಬಂದು ಸ್ಟಾರ್ಟ್ ಮಾಡ್ತೀನಿ. ಉಸುರು ಇಳೀಲಿ ಅಂತ ಕಾಯ್ತೀನಿ. ಇಳೀದೇ ಇಲ್ಲ ಕಣಣ್ಣ."

ನನ್ನ ಎದೆ ಮೇಲಿಂದ ಕಲ್ಲು ಇಳಿದ ಹಾಗಾಯಿತು. ಇಷ್ಟೇನಾ! "ಅಯ್ಯೋ ತಾಯಿ, ನೀನಾ? ನಾನೂ ಹೆದರ್ಬುಟ್ಟಿದ್ದೆ. ಹೋದ ವಾರ ಕೂಡ ಬಂದಾಗ ಬೆಚ್ಚಗಿತ್ತು..." ಅಂದೆ.

ಅವಳು ನನ್ನ ಕಡೆಗೇ ನೋಡಿದಳು. "ಹೋದ ವಾರ ನಾನು ಕುದೇರಲ್ಲಿದ್ನಲ್ಲಣ್ಣ" ಅಂದು ಸೆರಗಿನ ಗಂಟು ತೋರಿಸಿದಳು. ಲಾರಿಯ ನಿನ್ನ ಬೀಗದಕೈ ಅದರಲ್ಲೇ ಇತ್ತು. ಇನ್ನೊಂದು ನನ್ನ ಜೇಬಿನಲ್ಲಿ. ಮೂರನೇದು ಇಲ್ಲವಲ್ಲ ಮಾದೇವ? ಇಂಜಿನ್ ಓಡ್ತಾನೇ ಇತ್ತು. ಕೊನೆಗೆ ಅವಳೇ ಅಂದಳು: "ಅವ್ರು ಇಲ್ಲಿ ನಿಲ್ಸಿದ್ದಲ್ಲ. ಅಲ್ಲಿ. ಆ ಘಾಟಿಗೇ ಓಗನ."

ಬಸವಣ್ಣನಿಗೆ ಹೇಳದೆ ಹೊರಟೆವು. ಪುಣಜನೂರು ದಾಟಿ, ಆಸನೂರು ದಾಟಿ, ಘಾಟಿ ಇಳಿದು, ಬುಡದಲ್ಲಿ ತಿರುಗಿಸಿಕೊಂಡು ಮತ್ತೆ ಹತ್ತಿದೆವು. ಅವತ್ತಿನ ಹಾಗೇ ಘಾಟಿ ಹತ್ತಿ ಬಂದ ಇಂಜಿನ್ನೇ ಆಗಬೇಕಿತ್ತು ಅವಳಿಗೆ. ನೀನು ಹೇಳಿದ ಹಾಗೇ ಗೇರ್ ಇಳಿಸಿ ಇಳಿಸಿ ಹತ್ತಿಸಿದೆ. ಮೇಲೆ ಅದೇ ಜಾಗ, ಅದೇ ಮಂಜು. ಲಾರಿ ನಿಲ್ಲಿಸಿ ನಾನು ಕೆಳಗಿಳಿದು ಅವಳಿಗೆ ಸೀಟು ಬಿಟ್ಟೆ. ಟೀ ಅಂಗಡಿಯವನು ಓಡಿ ಬಂದ. ಅರ್ಧ ತಮಿಳು ಅರ್ಧ ಕನ್ನಡದಲ್ಲಿ ಅವನು ಹೇಳಿದ್ದು ಇಷ್ಟು: ನೀವು ಹೋದಾಗಿನಿಂದ ಮಂಜು ಬಿದ್ದ ಬೆಳಗ್ಗೆಯೆಲ್ಲ ಇಲ್ಲಿ ಒಂದು ಲಾರಿ ನಿಂತು ಓಡೋ ಸದ್ದು ಬರ್ತದೆ. ಟೀ ಹಿಡ್ಕೊಂಡು ಬಂದು ನೋಡಿದರೆ ಬರೀ ರಸ್ತೆ. "ನಿಪ್ಪಾಟಿಡುಂಗ ಅಣ್ಣಾ" ಅಂತ ಕೈ ಮುಗಿದ. ನಿಲ್ಲಿಸಿಬಿಡಿ ಅಂತ.

ದೇವಮ್ಮಣ್ಣಿ ಗೇರ್ ಗುಂಡಿನ ಮೇಲೆ ಎಡಗೈ ಇಟ್ಕೊಂಡು ಕಣ್ಣು ಮುಚ್ಚಿದ್ದಳು. ನಾನು ಬಾಗಿಲ ಮೆಟ್ಟಿಲ ಮೇಲೆ ನಿಂತಿದ್ದೆ. ಸೀಟಿ ಇಳೀತಾ ಬಂತು. ಸಣ್ಣಗಾಯಿತು. ಇನ್ನೂ ಸಣ್ಣಗಾಯಿತು. ಅವಳ ಬಳೆ ಇಲ್ಲದ ಕೈಯ ಚರ್ಮ ಅಲ್ಲಲ್ಲಿ ಒತ್ತಿ ಬಿಳಿಚಿಕೊಂಡಿತ್ತು, ಮೇಲಿಂದ ಯಾರೋ ಬಿಗಿಯಾಗಿ ಹಿಡಿದ ಹಾಗೆ. ನಾನು ನೋಡಿದ್ದನ್ನ ಬರೀತಿದ್ದೀನಿ, ಬೇರೆ ಏನೂ ಸೇರಿಸ್ತಿಲ್ಲ. ಆಮೇಲೆ ಅವಳು ಬಲಗೈಯಿಂದ ತಾನೇ ಗುಬುಟು ಎಳೆದಳು. ಆ ಮೌನದಲ್ಲಿ ಮಂಜು ಎಲೆಯಿಂದ ತೊಟ್ಟಿಕ್ಕೋದು ಕೇಳಿಸಿತು.

"ಓಗ್ಬುಟ್ರು ಅಣ್ಣ" ಅಂದಳು.

"ಹೆಂಗೆ ಗೊತ್ತಾಯ್ತಮ್ಮ?"

"ಕೈ ಬುಟ್ರು."

ಆಗ ಅತ್ತಳು ಮಾದೇವ. ಸ್ಟೀರಿಂಗಿಗೆ ಹಣೆ ಕೊಟ್ಟು, ನಿನ್ನ ಹೆಸರು ಹಿಡಿದು ಅತ್ತಳು. ಅಂಗಡಿಯವನು ದೂರದಲ್ಲೇ ನಿಂತು ಕಣ್ಣೊರೆಸಿಕೊಂಡ. ನಾನು... ಬಿಡು, ನನ್ನದೇನು ಹೇಳೋದು.

ಅಲ್ಲಿಂದಾಚೆ ಇಂಜಿನ್ ಬೆಳಗಿನ ಹೊತ್ತು ತಣ್ಣಗೇ ಇರ್ತದೆ. ಎಷ್ಟು ತಣ್ಣಗೆ ಅಂದರೆ ಕೆಲವು ದಿನ ಕೈ ಇಟ್ಟು ನೋಡಿ ನನಗೇ ಬೇಜಾರಾಗ್ತದೆ. ನೀನು ಶುರು ಮಾಡಿದ್ದನ್ನ ಅರ್ಧಕ್ಕೆ ಬಿಡಲಿಲ್ಲ. ಅರ್ಧ ಲೋಡಿನಲ್ಲೇ ಉಳಿದ ಟ್ರಿಪ್ಪು ಮುಗಿಸಿದೆ. ಗುಂಡ್ಲುಪೇಟೆಯ ಮೇಸ್ತ್ರಿ ಎಣ್ಣೆ ಬದಲಾಯಿಸಿ, ಸ್ಪ್ರಿಂಗ್ ಪಟ್ಟಾದ ಬೋಲ್ಟು ಬಿಗಿದು, ಟರ್ಬೊ ಬಿಚ್ಚಿ ನೋಡಿದ. "ಒಂದು ಗೀರಿಲ್ಲ, ಯಾರೋ ಚೆನ್ನಾಗಿ ಪಳಗಿಸವ್ರೆ. ಇನ್ನು ಏನ್ ಬೇಕಾದ್ರೂ ಹೇರು" ಅಂದ. ಬಸವಣ್ಣ ಈಗ ಮಾರು ಅನ್ನಲ್ಲ. ಲೋಡು ಹುಡುಕೋದು, ಮಾತಾಡೋದು ಎಲ್ಲ ದೇವಮ್ಮಣ್ಣಿಯೇ. ಮಂಡಿಯವರು ಅವಳ ಎದುರು ಚೌಕಾಸಿ ಮಾಡೋಕೆ ಹಿಂದೆ ಮುಂದೆ ನೋಡ್ತಾರೆ.

ನಿನಗೆ ಗೊತ್ತಿಲ್ಲದ ಸುದ್ದಿ ಒಂದಿದೆ. ಮೊದಲ ಪೂರ್ತಿ ಲೋಡು ಕಲ್ಲಿಕೋಟೆಗೆ, ಟೊಮೇಟೊ. ದೇವಮ್ಮಣ್ಣಿ ನಾನೂ ಬರ್ತೀನಿ ಅಂತ ಹಟ ಹಿಡಿದು ಬಂದಳು. ಕಾಡು ದಾಟಿ, ಆ ಕಡೆ ಘಾಟಿ ಇಳಿದು, ಬೆಳಗ್ಗೆ ಮಾರ್ಕೆಟ್ಟಿನಲ್ಲಿ ಇಳಿಸಿದ ಮೇಲೆ ಕಡಲು ತೋರಿಸಿದೆ. ಅಷ್ಟು ನೀರನ್ನ ಅವಳು ಯಾವತ್ತೂ ಕಂಡಿರಲಿಲ್ಲ. ಹೆದರ್ತಾಳೆ ಅಂದ್ಕೊಂಡೆ, ಸೀದಾ ಮೊಣಕಾಲವರೆಗೂ ಇಳಿದಳು. ನಾನು ದಡದಲ್ಲೇ ನಿಂತು "ಸಾಕು ಬಾರಮ್ಮಿ, ಸಾಕು" ಅಂತ ಕೂಗ್ತಿದ್ದೆ. ಒಂದು ಅಲೆ ಅವಳ ಕಾಲಿನ ಒಂದು ಚಪ್ಪಲಿ ಎಳ್ಕೊಂಡು ಹೋಯಿತು. ಅದು ಹೋದ ಕಡೆಯೇ ನೋಡ್ತಾ ನಿಂತವಳು, ಆಮೇಲೆ ಬಗ್ಗಿ ಇನ್ನೊಂದನ್ನೂ ಬಿಚ್ಚಿ ನೀರಿಗೆ ಎಸೆದಳು.

"ಒಂಟಿ ಚಪ್ಪಲಿ ಯಾರಿಗೆ ಬೇಕು, ಅದರ ಜೋಡಿ ಅದಕ್ಕೆ ಸಿಗ್ಲಿ" ಅಂದು ನಕ್ಕಳು ಕಣ್ಲಾ. ನಕ್ಕಳು. ಸೀರೆಯಂಚು ಹಿಂಡಿಕೊಂಡು, ಸುಡೋ ಮರಳಿನ ಮೇಲೆ ಬರಿಗಾಲಲ್ಲೇ ನಡೆದು ಬಂದು ಲಾರಿ ಹತ್ತಿ ಬಾಗಿಲು ಎಳ್ಕೊಂಡಳು.

"ಬಾಣ್ಣ, ಹೊತ್ತಾಯ್ತು. ವಾಪಸ್ ಲೋಡು ಏನ್ ಸಿಕ್ತದೆ ನೋಡನ."