ಎಂಟು ನಲವತ್ತರ ಟೇಬಲ್

ಜುಲೈ 14, ಸೋಮವಾರ

ಸೇವಂತಿ ರಜೆ. ಕ್ಯಾಂಟೀನಿನ ನಾನೂರು ಚಪಾತಿಯೂ ನನ್ನ ಕೈಯಲ್ಲೇ. ಭುಜ ಹಿಡಿದುಕೊಂಡಿದೆ. ಬರುವಾಗ ಮೆಂತ್ಯ, ಅರ್ಧ ಲೀಟರ್ ಹಾಲು ತಂದೆ. ಮಗಳು ದಾನು ಲ್ಯಾಬ್ ಮುಗಿಸಿ ವಡಾಲದಿಂದ ಬರುವುದು ಒಂಬತ್ತೂವರೆಗೆ. ಅಲ್ಲಿಯವರೆಗೆ ಮನೆಯಲ್ಲಿ ನಾನು, ಗೋಡೆಯ ಮೇಲೆ ಇವರು.

ರಾತ್ರಿ 8.40ಕ್ಕೆ ಮತ್ತೆ ಬೀಪ್. ಇವರ ಫೋನು. ಹೋಗಿ ಇವತ್ತಿಗೆ ನಲವತ್ತೈದು ದಿನ. ಘಾಟ್ಕೋಪರ್ ಸ್ಟೇಷನ್ನಿನ ಬೆಂಚಿನ ಮೇಲೆ ಕೂತವರು ಕೂತಂತೆಯೇ... ಫೋನು ಕೈಯಲ್ಲಿತ್ತಂತೆ. ರೈಲ್ವೆ ಪೊಲೀಸರು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊಟ್ಟರು. ದಾನು ಅದನ್ನು ಆಫ್ ಮಾಡಗೊಡುವುದಿಲ್ಲ, ದಿನಾ ಚಾರ್ಜಿಗೆ ಹಾಕುತ್ತಾಳೆ. ಈ ಬೀಪ್ ಅಲಾರಂ ಎಂದುಕೊಂಡಿದ್ದೆ. ಇವತ್ತು ಕನ್ನಡಕ ಹಾಕಿಕೊಂಡು ಓದಿದೆ. ಇಂಗ್ಲಿಷಿನಲ್ಲಿತ್ತು — ಶಿವಿ, ನಿಮ್ಮ ಟೇಬಲ್ ಕಾಯುತ್ತಿದೆ.

ಶಿವಿ ಎಂದು ನನ್ನನ್ನು ಕರೆಯುತ್ತಿದ್ದದ್ದು ನಮ್ಮಪ್ಪ ಒಬ್ಬನೇ. ಇವರು ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯೂ ಕರೆದವರಲ್ಲ. "ಏ, ಇಲ್ಲಿ ಕೇಳ" ಅಷ್ಟೇ.

ಫೋನು ಬೋರಲು ಹಾಕಿ ಇಟ್ಟೆ.

ಜುಲೈ 15

ತೆರೆದೆ. ಪಾಸ್‌ವರ್ಡ್ ದಾನು ಹುಟ್ಟಿದ ತಾರೀಖು.

ಇಸ್ಪೀಟು ಎಲೆಗಳು. ಹಸಿರು ಟೇಬಲ್. ಪೋಕರ್. ಅದೇ.

ಹೋದ ವರ್ಷ ಯುಗಾದಿಗೆ, ಪಗಾರದ ಅರ್ಧ ಇದರಲ್ಲಿ ಹೋದದ್ದು ಗೊತ್ತಾದಾಗ, ನಾನು ಒಲೆ ಹಚ್ಚಲಿಲ್ಲ. ಮಧ್ಯಾಹ್ನಕ್ಕೆ ಇವರೇ ದಾನುವನ್ನು ಎದುರಿಗೆ ಕೂರಿಸಿಕೊಂಡು ತಲೆ ಮೇಲೆ ಕೈಯಿಟ್ಟರು. "ಈ ಕೂಸಿನ ಆಣಿ. ಇನ್ನ ನಾ ಆಡಂಗಿಲ್ಲ." ಇಪ್ಪತ್ತೆರಡು ವರ್ಷದ ಕೂಸು ಅತ್ತಳು. ಈಗಲೂ ಬಂದವರಿಗೆಲ್ಲ ಹೇಳುತ್ತಾಳೆ — ಪಪ್ಪಾ ನನಗಾಗಿ ಬಿಟ್ಟರು.

ಅಕೌಂಟ್ ಎಂದಿದ್ದ ಕಡೆ ಒತ್ತಿದೆ. ನನ್ನ ಫೋಟೋ. ನನ್ನ ಪ್ಯಾನ್ ನಂಬರು. ಶಿವಕುಮಾರಿ ಈಶ್ವರ ಹೂಗಾರ, ಆಟದ ಹೆಸರು ಶಿವಿ. ಹಣೆ ತುಂಬ ಕುಂಕುಮ, ಮುಡಿಯಲ್ಲಿ ಅಬ್ಬಲಿಗೆ.

ನೆನಪಾಯಿತು. ಈ ಫೆಬ್ರವರಿ, ಯಾರದೋ ಮದುವೆ ಮುಗಿಸಿ ಬಂದಿದ್ದೆವು. ರೇಷನ್ ಕಾರ್ಡಿನ ಕೆವೈಸಿ ಎಂದು ಇವರೇ ಫೋನು ಹಿಡಿದಿದ್ದರು. "ಎಡಕ್ಕ ಹೊಳ್ಳು. ಈಗ ಬಲಕ್ಕ. ಕಣ್ಣ ಪಿಳಕಸು." ನಗು ಬಂದು ಎರಡು ಸಲ ಕೆಟ್ಟಿತ್ತು. ಓಟಿಪಿ ನಾನೇ ಓದಿ ಹೇಳಿದ್ದೆ.

ನಾ ಆಡಂಗಿಲ್ಲ ಎಂದಿದ್ದರು. ಆಡಲಿಲ್ಲ. ಆಡಿದ್ದು ಶಿವಕುಮಾರಿ. ದೇವರಿಗೂ ಹೀಗೇ ಲೆಕ್ಕ ಒಪ್ಪಿಸಿದರೇನೋ. ಹಾಗಾದರೆ ಆಣೆ ಮುರಿದವರು ಯಾರು? ಇವರು ಹೋಗಿಬಿಟ್ಟರು. ಅದು ಈಗ ಯಾರ ಮೇಲೆ ಬರುತ್ತದೆ? ತಲೆ ಯಾರದಿತ್ತೋ ಅವರ ಮೇಲೆಯೇ ಅಲ್ಲವೆ.

ದಾನು ಬರುವುದು ಹತ್ತು ನಿಮಿಷ ತಡವಾಯಿತು. ಬಾಗಿಲಲ್ಲೇ ನಿಂತಿದ್ದೆ.

ಜುಲೈ 17

ಕ್ಯಾಂಟೀನಿನ ಕ್ಯಾಷಿಯರ್ ಅಮೋಲ್ ದಿನಾ ಫೋನಿನಲ್ಲಿ ರಮ್ಮಿ ಆಡುತ್ತಾನೆ. ನಮ್ಮ ಚಾಳಿನ, ಪಕ್ಕದ ಮನೆಯ ಒಬ್ಬಳ ಕಥೆ ಎಂದು ಕೇಳಿದೆ.

"ಸಿಂಪಲ್ ಹೈ ಕಾಕೂ. ಪೈಸಾ ನಿಕಾಲೋ, ಅಕೌಂಟ್ ಬಂದ್ ಕರೋ. ಬಸ್ ಏಕ್ ಬಾರ್ ಚೆಹರಾ ದಿಖಾನಾ ಪಡೇಗಾ."

ಮುಖ ತೋರಿಸದಿದ್ದರೆ?

"ತೋ ಪಡಾ ರಹೇಗಾ. ಕಲ್ ಕುಛ್ ಲಫಡಾ ಹುವಾ ತೋ ಜಿಸ್ ಕೇ ನಾಮ್ ಪೇ ಅಕೌಂಟ್, ಪೊಲೀಸ್ ಭೀ ಉಸೀ ಕೇ ಘರ್." ನಕ್ಕ. "ಆಪ್ ಕ್ಯೂಂ ಡರ್ ರಹೀ ಹೋ? ಆಪ್ ಕಾ ಥೋಡೀ ಹೈ."

ಖಾತೆ ಯಾರ ಹೆಸರಿನಲ್ಲೋ ಪೊಲೀಸರು ಅವರ ಮನೆಗೇ. ನಿಮ್ಮದಲ್ಲವಲ್ಲ ಎಂದದ್ದಕ್ಕೆ ನಾನೂ ನಕ್ಕೆ. ಹಿಟ್ಟಿಗೆ ಎರಡು ಸಲ ಉಪ್ಪು ಹಾಕಿದೆ.

ಜುಲೈ 21

ಬಂದ್ ಮಾಡಲೆಂದೇ ತೆರೆದೆ. ಸತ್ಯವಾಗಿ. ಎಲ್ಲಿ ಒತ್ತಿದೆನೋ, ಟೇಬಲ್ಲಿಗೆ ಹೋಗಿಬಿಟ್ಟಿತು. ಎರಡು ಎಲೆ ಬಂದವು. ನಿಮ್ಮ ಸರದಿ, ಹದಿನೈದು ಸೆಕೆಂಡು. ಹದಿನಾಲ್ಕು, ಹದಿಮೂರು... ಎಲೆ ಬಿಟ್ಟೆ. ಮತ್ತೆ ಬಂದವು.

ಎದುರಿನ ಒಬ್ಬ ಆಟಗಾರನ ಹೆಸರಿನ ಪಕ್ಕ ಹಳದಿ ಚುಕ್ಕೆ. ಒತ್ತಿದರೆ ಚೀಟಿಯಂಥದು ತೆರೆಯಿತು. ಇಂಗ್ಲಿಷ್ ಅಕ್ಷರ, ಕನ್ನಡ ಮಾತು. ಇವರದೇ ಮಾತು.

'ಈ ಮುದುಕ ಭಾಳ ಕಾಯತಾನ. ಇವ ರೊಕ್ಕ ಹಾಕಿದಾ ಅಂದ್ರ ಓಡು.'

ಇನ್ನೊಬ್ಬನ ಮೇಲೆ — 'ಬರೇ ಬಾಯಿ. ಹೆದರಬ್ಯಾಡ.'

ಹೆದರಬ್ಯಾಡ. ಯಾರಿಗೆ ಬರೆದುಕೊಂಡರು? ತಮಗೇ ಇರಬೇಕು. ನಾನು ನನಗೆ ಎಂದು ಓದಿದೆ. ಮೂರು ಸಲ ಓದಿದೆ.

ಟೇಬಲ್ಲಿನಲ್ಲಿ ಕೂತರೆ ಮಾತ್ರ ಚೀಟಿ ಕಾಣುತ್ತದೆ. ಎದ್ದರೆ ಇಲ್ಲ.

ಆಗಸ್ಟ್ 11

ಬರೆಯದೆ ಮೂರು ವಾರ.

ಆಡುತ್ತಿದ್ದೇನೆ. ಬರೆಯಲೇಬೇಕು ಇದನ್ನ.

ಚಿಕ್ಕ ಟೇಬಲ್ಲುಗಳಿಗೇ ಹೋಗುತ್ತೇನೆ. ದೊಡ್ಡ ಆಟದಲ್ಲಿ ಇವರ ಪರಿಚಯದವರು ಇಲ್ಲ. ಗೆಲ್ಲಲು ಅಲ್ಲ, ಹಳದಿ ಚುಕ್ಕೆ ಹುಡುಕಲು. ಎರಡು ಎಲೆ ಕೈಯಲ್ಲಿ, ಐದು ನಡುವೆ — ಅಷ್ಟು ತಿಳಿದಿದೆ. ಹೋದ ವಾರ ಖಾತೆಯಲ್ಲಿದ್ದ ದುಡ್ಡು ಮುಗಿಯಿತು. ನನ್ನ ಪಗಾರದಿಂದ ಇನ್ನೂರು ಹಾಕಿದೆ. ಹಾಕುವಾಗ ಎದ್ದು ಹೋಗಿ ಇವರ ಫೋಟೋ ಗೋಡೆಯ ಕಡೆ ತಿರುಗಿಸಿದೆ. ಆಮೇಲೆ ಸರಿ ಮಾಡಿದೆ.

ಮೂವತ್ತೊಂದು ಚೀಟಿ ಸಿಕ್ಕಿವೆ. ಒಂದು — 'ಈಕಿ ಆಟ ನಮ್ಮ ದಾನೂನ ಹಂಗ. ಸಿಟ್ಟ ಬಂದ್ರ ಎಲ್ಲಾ ಹಾಕಿಬಿಡತಾಳ.' ಒಬ್ಬಳೇ ನಕ್ಕೆ.

ಪಕ್ಕದ ಮನೆಯ ರಾಚವ್ವ ಬಾಗಿಲು ಬಡಿದಳು. "ಯಾಕವ್ವಾ, ಬಾಗಲಾ ಹಾಕ್ಕೊಂಡು ನಗಾಕತ್ತೀ? ಒಳಗ ಯಾರರ ಅದಾರೇನು?"

"ಟಿವಿ ಅತ್ತಿ."

"ಟಿವಿ ಬಂದ್ ಐತಿ ನಿಂದು. ಕಾಣ್ತದ ನನಗ ಕಿಡಕ್ಯಾಗ."

ದಾನುವಿಗೆ ಗೊತ್ತಾದರೆ ಅಪ್ಪ ಎರಡನೇ ಸಲ ಸಾಯುತ್ತಾನೆ ಅವಳಿಗೆ. ಗೊತ್ತಿದ್ದೂ ಕೂರುತ್ತೇನೆ. ಅವಳ ತಲೆಯ ಆಣೆ ಇದೆ, ಗೊತ್ತಿದ್ದೂ ಕೂರುತ್ತೇನೆ.

ಆಗಸ್ಟ್ 18

ಒಂದು ಹೆಸರು, ಡಾಕ್ಟರ್ ನಾಗಪುರ್ ಎಂದು. ಹಳದಿ ಅಲ್ಲ, ಕೆಂಪು ಚುಕ್ಕೆ.

'ಖರೇನ ಡಾಕ್ಟರ್ ಅಂತ. ಎದಿ ನೋವಿನ ಬಗ್ಗೆ ಕೇಳಿದೆ. ನಾಳೇನ ಇಸಿಜಿ ಮಾಡಸು ಅಂದ. ಮುಂದಿನ ಪಗಾರಕ್ಕ ನೋಡೂಣು. ಮನ್ಯಾಗ ಹೇಳಬ್ಯಾಡ, ಅಂಜತಾಳ.'

ಏಪ್ರಿಲ್ 26 ಎಂದು ತಾರೀಖು.

ಆ ದಿನ ನಾನು ಇವರ ಎದುರಿಗೇ ಕೂತು ಬಟಾಣಿ ಸುಲಿಯುತ್ತಿದ್ದಿರಬೇಕು. ಇವರು ಹೋಗುವುದಕ್ಕೆ ಇನ್ನೂ ಒಂದು ತಿಂಗಳು ಇತ್ತು. ಒಂದು ತಿಂಗಳು

ಆಗಸ್ಟ್ 19, ಮಂಗಳವಾರ

ಬೆಳಗ್ಗೆಯಿಂದ ಮಳೆ. ಕುರ್ಲಾದಲ್ಲಿ ಹಳಿ ಮುಳುಗಿ ಹಾರ್ಬರ್ ಲೈನಿನ ಲೋಕಲ್ ರೈಲು ನಿಂತಿದೆಯಂತೆ. ದಾನು ಬೆಳಗ್ಗೆ ಏಳಕ್ಕೇ ಹೋಗಿದ್ದಳು. ಹನ್ನೊಂದರಿಂದ ಫೋನು ಹತ್ತುತ್ತಿಲ್ಲ.

ಹನ್ನೆರಡು. ಒಂದು. ಎರಡೂವರೆ.

ಆಣೆಯ ಶಾಪ ಬಂತು ಎಂದುಕೊಂಡೆ. ನಿನ್ನೆ ಆಡಿದೆ, ಇವತ್ತು ಬಂತು. ವಿಭೂತಿ ಹಚ್ಚಿಕೊಂಡು ನೆಲದ ಮೇಲೆ ಕೂತೆ. ಆಡಿದ್ದು ನಾನು, ಅವಳನ್ನು ಬಿಡು ಎಂದೆ. ಯಾರಿಗೆ ಹೇಳಿದೆನೋ. ರಾಚವ್ವ ಚಹಾ ತಂದಿಟ್ಟು ಪಕ್ಕದಲ್ಲಿ ಕೂತಳು. "ಆಕೀ ಕಾಲ ಗಟ್ಟಿ ಅದಾವ. ನಡಕೊಂತರ ಬರತಾಳ ತಗೋ."

ನಾಲ್ಕಕ್ಕೆ ಯಾರದೋ ನಂಬರಿನಿಂದ ಫೋನು. "ಮಮ್ಮಿ, ಮೈ ಠೀಕ್ ಹೂಂ. ಬ್ಯಾಟರಿ ಹೋಗಿತ್ತು. ಲ್ಯಾಬ್‌ನ್ಯಾಗ... ಇಲ್ಲೇ ಇರ್ತೀನಿ ಇವತ್ತು. ರೋ ಮತ್ ನಾ. ಊಟ ಮಾಡು."

ಇನ್ನು ಮುಟ್ಟುವುದಿಲ್ಲ. ಬಂದ್ ಮಾಡುತ್ತೇನೆ. ಖಾತೆ ಇರುವವರೆಗೆ ಆಟ ಮುಗಿದಂತಲ್ಲ.

ಆಗಸ್ಟ್ 22

ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟ ಎಲ್ಲಾ ಬಂದ್. ದಿಲ್ಲಿಯಲ್ಲಿ ಕಾಯ್ದೆ ಆಯಿತು ಎಂದು ಟಿವಿಯಲ್ಲಿ. 8.40ಕ್ಕೆ ಬೀಪ್ ಬರಲಿಲ್ಲ.

ತೆರೆದು ನೋಡಿದೆ. ಟೇಬಲ್ಲುಗಳೇ ಇಲ್ಲ. ಹಸಿರು ಇಲ್ಲ, ಚುಕ್ಕೆ ಇಲ್ಲ. ಇವರ ಒಂದು ಮಾತೂ ಇಲ್ಲ. ಹಾಳೆಯ ಮೇಲೆ ಬರೆದುಕೊಳ್ಳಬೇಕಿತ್ತು ನಾನು. ಯಾಕೆ ಹೊಳೆಯಲಿಲ್ಲ.

ಒಂದೇ ನೋಟಿಸು ಇದೆ. ಇಂಗ್ಲಿಷು, ನಿಧಾನ ಓದಿದೆ. ಉಳಿದ ಹಣ ತೆಗೆದುಕೊಂಡು ಖಾತೆ ಮುಚ್ಚಿರಿ. ಮುಖ ತೋರಿಸಿ. ಕೊನೆಯ ದಿನ 30, ಸಂಜೆ ಆರು.

ಆಗಸ್ಟ್ 26

ಅಮೋಲನ ಮುಖ ಇಳಿದಿದೆ. ಅವನ ರಮ್ಮಿಯೂ ಹೋಯಿತು.

"ಬೋಲ್ತೇ ಹೈಂ ಲಿಸ್ಟ್ ಜಾಯೇಗೀ ಸರ್ಕಾರ್ ಕೋ. ಜಿಸ್ ಜಿಸ್ ಕಾ ಖಾತಾ ಖುಲಾ ರಹಾ, ಸಬ್ ಕೇ ನಾಮ್. ಮೈನೇ ತೋ ಕಲ್ ಹೀ ಬಂದ್ ಕಿಯಾ." ಆಮೇಲೆ ನನ್ನನ್ನೇ ನೋಡಿದ. "ಆಪ್ ಕೀ ಪಡೋಸನ್ ಕೋ ಬೋಲೋ ಕಾಕೂ, ಜಲ್ದೀ ಕರೇ."

ಮುಚ್ಚದ ಖಾತೆಗಳ ಪಟ್ಟಿ ಸರ್ಕಾರಕ್ಕೆ ಹೋಗುತ್ತದಂತೆ. ಪಡೋಸನ್, ಪಕ್ಕದ ಮನೆಯವಳು, ಎನ್ನುವಾಗ ನಗಲಿಲ್ಲ.

ಖಾಕಿ ಬಟ್ಟೆಯವನೊಬ್ಬ ಚಾಳಿಗೆ ಬಂದಿದ್ದ. ಗಣಪತಿ ಮಂಟಪದ ಪರ್ಮಿಶನ್ ನೋಡಲು. ಅವನು ಹೋಗುವವರೆಗೆ ನಾನು ನಲ್ಲಿ ಹತ್ತಿರ ಖಾಲಿ ಕೊಡ ಹಿಡಿದು ನಿಂತಿದ್ದೆ.

ಆಗಸ್ಟ್ 28, ಗುರುವಾರ

ಕ್ಯಾಂಟೀನಿನಿಂದ ಬೇಗ ಬಂದೆ. ಫೋನು ಮುಖದ ಎದುರು ಹಿಡಿದೆ. ಮೂರು ಸಲ. ಮೂರು ಸಲವೂ ಕೆಂಪು ಗೆರೆ — ಮುಖ ಹೊಂದುತ್ತಿಲ್ಲ. ನಾಳೆ ಪ್ರಯತ್ನಿಸಿ. ದಿನಕ್ಕೆ ಮೂರೇ ಸಲವಂತೆ.

ಹೊಂದುತ್ತಿಲ್ಲ. ನಾನೇ ಅಲ್ಲವೆ ಅದು?

ಖಾತೆಯಲ್ಲಿನ ಆ ಫೋಟೋ ಎದುರಿಗಿಟ್ಟು ಕನ್ನಡಿ ನೋಡಿದೆ. ಕೆನ್ನೆ ಇಳಿದಿವೆ. ಮೂಗುತಿ ಇಲ್ಲ. ಕುಂಕುಮ ಇದ್ದ ಕಡೆ ವಿಭೂತಿ. ಯಂತ್ರದ ತಪ್ಪಿಲ್ಲ. ಅದಕ್ಕೆ ಗೊತ್ತಿರುವವಳು ಮುತ್ತೈದೆ.

ಆಗಸ್ಟ್ 29, ಶುಕ್ರವಾರ

ಕುಂಕುಮದ ಡಬ್ಬಿ ಇವರ ಸೂಟ್‌ಕೇಸಿನ ತಳದಲ್ಲಿತ್ತು. ತೆಗೆಯುವಾಗ ಯಾರೋ ಕೈ ಹಿಡಿದಂತೆ. ವಿಭೂತಿ ತೊಳೆದೆ. ಮೂಗುತಿ ಹಾಕಿದೆ, ತೂತು ಬಿಗಿದಿತ್ತು, ರಕ್ತ ಬಂತು. ಕುಂಕುಮ ಇಟ್ಟೆ.

ಈ ಸಲ ಹಸಿರು ಗೆರೆ ಬಂತು! ಗುರುತು ಹಿಡಿಯಿತು. ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ, ಫೋನು ಹತ್ತಿರ ತನ್ನಿ, ದೂರ ಒಯ್ಯಿರಿ. ಅಲ್ಲಿ ಕೆಟ್ಟಿತು. ಕೈ ನಡುಗುತ್ತದೆ. ಅಲುಗಾಡಿಸಬೇಡಿ ಎನ್ನುತ್ತದೆ. ಕುಕ್ಕರಿಗೆ ಆನಿಸಿ ಇಟ್ಟರೆ ಹತ್ತಿರ ತನ್ನಿ ಎನ್ನುತ್ತದೆ. ಎರಡು ಸಲ ಹೋಯಿತು. ಮೂರನೆಯದಕ್ಕೆ ಫೋನು ಎತ್ತಿದ್ದೆ, ಚಿಲಕ ಹಾಕಿರಲಿಲ್ಲ, ರಾಚವ್ವ ಮೋದಕದ ತಟ್ಟೆ ಹಿಡಿದು ಒಳಗೆ.

ತಟ್ಟೆ ಹಾಗೇ ಹಿಡಿದು ನಿಂತಳು. ನನ್ನ ಹಣೆ. ಕೈಯಲ್ಲಿ ಫೋನು, ಅದರಲ್ಲಿ ನನ್ನ ಮುಖ.

"ಯಾರಿಗಿ ತೋರಸಾಕ ಹಚ್ಚಗೊಂಡೀ ಇದನ್ನ?"

"ಯಾರಿಗೂ ಇಲ್ಲ ಅತ್ತಿ. ಬ್ಯಾಂಕಿನ ಕೆಲಸಾ. ಹಳೀ ಫೋಟೋ ಹಂಗ ಕಾಣಬೇಕಂತ."

"ನಾ ಏನ ಕೂಸೇನು?" ತಟ್ಟೆ ಇಟ್ಟಳು. ಬಾಗಿಲವರೆಗೆ ಹೋಗಿ ನಿಂತಳು. "ಮೂರ ತಿಂಗಳ ಸೈತ ಆಗಿಲ್ಲ ಈಶ್ವರಪ್ಪ ಹೋಗಿ. ಒರಸ್ಕೋ. ಆ ಹುಡಿಗಿ ನೋಡೀತು."

ಒರೆಸಿಕೊಂಡೆ. ಫೋನಿನಲ್ಲಿ ಮೂರನೆಯದೂ ಕೆಂಪಾಗಿ ಮುಗಿದಿತ್ತು.

ಆಗಸ್ಟ್ 30, ಶನಿವಾರ. 3.15

ಇವತ್ತು ಮೂರು ಸಲ ಇದೆ. ಆರರೊಳಗೆ. ಆಮೇಲೆ ಇಲ್ಲ.

ಎರಡು ಆಗಿಹೋದವು. ಕುಂಕುಮ ಇಟ್ಟೇ. ಗುರುತು ಹಿಡಿಯುತ್ತದೆ, ಕೈ ನಿಲ್ಲುವುದಿಲ್ಲ. ಆವತ್ತು ಫೋನು ಹಿಡಿದವರು ಇವರು. ಯಾರಾದರೂ ಹಿಡಿಯಬೇಕು.

ರಾಚವ್ವನನ್ನು ಕೇಳಲಾರೆ. ಅಮೋಲನ ಎದುರು ಈ ಹಣೆ ಹೊತ್ತು ಹೋಗಲಾರೆ. ಉಳಿದವಳು ದಾನು.

3.40

ಶನಿವಾರ ಅವಳು ನಾಲ್ಕಕ್ಕೇ ಬರುತ್ತಾಳೆ. ಅವಳು ಹಿಡಿದರೆ ಪರದೆ ನೋಡುತ್ತಾಳೆ. ಹೆಸರು ಓದುತ್ತಾಳೆ. ಇಸ್ಪೀಟು ಎಲೆಯ ಚಿತ್ರ ಮೇಲೇ ಇದೆ. ಬುದ್ಧಿವಂತೆ, ಈ ಫೆಬ್ರವರಿ ಎಂದು ತಾರೀಖು ನೋಡಿದರೆ ಸಾಕು, ಆಣೆ ಆದಮೇಲಿನದು ಎಂದು ತಿಳಿಯುತ್ತದೆ.

ಹೇಳದಿದ್ದರೆ ಖಾತೆ ನನ್ನ ಹೆಸರಿನಲ್ಲಿ ತೆರೆದೇ ಇರುತ್ತದೆ, ಆಣೆ ಅವಳ ತಲೆ ಮೇಲೆ. ಹೇಳಿದರೆ ಅವಳಿಗೆ ಅಪ್ಪ ಇಲ್ಲ.

ಎದಿ ನೋವಿನ ಮಾತೂ ಹೇಳಬೇಕು. ಅಂಜತಾಳ ಎಂದು ಮುಚ್ಚಿಟ್ಟರು. ನಾನೂ ಅಂಜತಾಳ ಎಂದು ಮುಚ್ಚಿಟ್ಟಿದ್ದೇನೆ. ಈ ಮನೆಯಲ್ಲಿ ಒಬ್ಬರು ಹಾಗೆ ಮಾಡಿ ಹೋದರು.

3.55

ಕುಂಕುಮ ಇನ್ನೊಂದು ಸಲ ಇಟ್ಟೆ. ದುಂಡಗೆ, ಆವತ್ತಿನ ಹಾಗೆ. ಬೆಳಕಿಗೆ ಮುಖ ಮಾಡಿ ಕೂತಿದ್ದೇನೆ. ಫೋನು ಮಡಿಲಲ್ಲಿ. ಮೊದಲು ಏನು ಹೇಳಲಿ — ಆಣೆಯೊ, ಚೀಟಿಗಳೊ? ಮೂವತ್ತೊಂದರಲ್ಲಿ ಅವಳ ಹೆಸರಿದ್ದದ್ದು ಬಾಯಿಪಾಠ ಇದೆ. ಅದನ್ನೂ ಹೇಳುತ್ತೇನೆ.

ಮೆಟ್ಟಿಲ ಮೇಲೆ ಅವಳ ಚಪ್ಪಲಿ. ರಾಚವ್ವ ಏನೋ ಕೇಳುತ್ತಿದ್ದಾಳೆ, ಇವಳು ನಗುತ್ತಿದ್ದಾಳೆ. ಒರೆಸಿಕೊಳ್ಳುವಷ್ಟು ಹೊತ್ತು ಇನ್ನೂ ಇದೆ. ಕೈ ಹಣೆಯವರೆಗೆ ಹೋಗಿ ಬಂತು.

ಹೀಗೆ ಶುರು ಮಾಡುತ್ತೇನೆ. ದಾನು, ಇದನ್ನು ಹಿಡಿ, ಅಲುಗಾಡಿಸಬೇಡ. ನಿಮ್ಮಪ್ಪ